ಆರು ಹನಿ ಮೇಣ

ಕೊಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಸ್ಸಿನಲ್ಲಿ ಪಕ್ಕದವರ ಅಂಗಿಗೆ ಅಂಟಿದ ದಾರವನ್ನು ಕೇಳದೆ ಕಿತ್ತು ತೆಗೆಯುವವಳು ನಾನು. ಚರ್ಚಿನಲ್ಲಿ ಮುಂದಿನ ಬೆಂಚಿನ ಮೇಲೆ ಧೂಳು ಕಂಡರೆ ಪ್ರಾರ್ಥನೆಯ ನಡುವೆಯೇ ಕರವಸ್ತ್ರ ತೆಗೆಯುವವಳು. ಗಂಡ ಬದುಕಿದ್ದಾಗ, "ಮಾರಾಯ್ತಿ, ಒಂದು ದಿನ ನನ್ನನ್ನೂ ಒಗೆದು ಹಗ್ಗಕ್ಕೆ ಹಾಕ್ತೀ ನೀನು" ಎಂದು ತಮಾಷೆ ಮಾಡುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. "ಒಗೆಯುವ ಹಾಗೆ ಇರಬೇಡಿ ಮತ್ತೆ" ಎನ್ನುತ್ತಿದ್ದೆ.

ಈ ಚಟ ಅಪ್ಪನಿಂದ ಬಂದದ್ದು. ಅಪ್ಪ ಮಂಗಳೂರಿನ ಒಂದು ಹಳೆಯ ಪ್ರೆಸ್ಸಿನಲ್ಲಿ ಪುಸ್ತಕ ಬೈಂಡ್ ಮಾಡುತ್ತಿದ್ದರು. ಸಂಜೆ ಮನೆಗೂ ಕೆಲಸ ತರುತ್ತಿದ್ದರು. ನಾವು ಉಣ್ಣುವ ಮೇಜಿನ ಮೇಲೆಯೇ ರಟ್ಟು, ದಾರ, ಮೈದಾ ಗಂಜಿ ಎಲ್ಲ ಹರಡಿರುತ್ತಿತ್ತು. ಹುಳ ಹತ್ತದ ಹಾಗೆ ಗಂಜಿಗೆ ಚಿಟಿಕೆ ಮೈಲುತುತ್ತು ಬೆರೆಸಿ ಕುದಿಸುವುದು ನನ್ನ ಪಾಲಿನ ಕೆಲಸ. ಊರಿನ ಚರ್ಚುಗಳ ಹರಿದ ಪ್ರಾರ್ಥನಾ ಪುಸ್ತಕಗಳು, ವಕೀಲರ ದಪ್ಪ ಸಂಪುಟಗಳು, ಶಾಲೆಯ ಹಾಜರಿ ಪುಸ್ತಕಗಳು ನಮ್ಮ ಮನೆಗೆ ಕಾಯಿಲೆ ಬಿದ್ದು ಬಂದು ಗುಣವಾಗಿ ಹೋಗುತ್ತಿದ್ದವು. ಅಪ್ಪನ ಕಟ್ಟಳೆ ಒಂದೇ: ಪುಸ್ತಕ ಹೋಗುವಾಗ ಬಂದದ್ದಕ್ಕಿಂತ ಶುಚಿಯಾಗಿ ಹೋಗಬೇಕು. ನಮ್ಮ ಬೆರಳಿನ ಗುರುತು ಇರಬಾರದು, ಇನ್ನೊಬ್ಬರ ಬೆರಳಿನದ್ದೂ ಇರಬಾರದು. ಹಾಗೆ ಕಲಿತ ಕೈ ಐವತ್ತು ವರ್ಷ ದಾಟಿದರೂ ಹಾಗೆಯೇ ಉಳಿಯಿತು.

ಮದುವೆಯಾಗಿ ದೋಹಾಕ್ಕೆ ಬಂದೆ. ಗಂಡ ಒಂದು ತೈಲ ಕಂಪನಿಯಲ್ಲಿ ನಕ್ಷೆ ಬಿಡಿಸುವ ಕೆಲಸದಲ್ಲಿದ್ದರು. ಅಲ್ ಸದ್ದ್ ಬಡಾವಣೆಯಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟು. ಮಕ್ಕಳಾಗಲಿಲ್ಲ. ನಾನು ಒಂದು ಭಾರತೀಯ ಶಾಲೆಯ ಲೈಬ್ರರಿಯಲ್ಲಿ ಹರಿದ ಪುಸ್ತಕಗಳಿಗೆ ತೇಪೆ ಹಾಕುತ್ತಿದ್ದೆ. ಒಂಬತ್ತು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಅವರು ಆಫೀಸಿನಲ್ಲಿ ಕುಳಿತ ಕುರ್ಚಿಯಲ್ಲೇ ಹೋಗಿಬಿಟ್ಟರು. ನನ್ನ ವೀಸಾ ಅವರ ಮೇಲಿತ್ತು. ಊರಿಗೆ ಹೋದರೆ ಅಣ್ಣನ ಮನೆಯ ಒಂದು ಮೂಲೆ, ಅತ್ತಿಗೆಯ ಮುಖ ನೋಡಿಕೊಂಡು ಊಟ. ಬೇಡ ಎನಿಸಿತು. ಇಲ್ಲಿ ವಾರದ ರಜೆ ಶುಕ್ರವಾರ, ಚರ್ಚಿನ ಪೂಜೆಯೂ ಅಂದೇ. ಆ ಪೂಜೆಗೆ ಬರುತ್ತಿದ್ದ ಒಬ್ಬರು, ಹಳೆಯ ಪುಸ್ತಕ ಕೂಡಿಡುವ ಒಬ್ಬ ಕತಾರಿ ಹಿರಿಯರಿಗೆ ಬೈಂಡಿಂಗ್ ಬಲ್ಲವರು ಬೇಕಂತೆ ಎಂದರು. ನನ್ನ ಕೈಕೆಲಸ ನೋಡಿ ಆ ಹಿರಿಯರು, ನಾನು ಸರ್ ಎಂದು ಕರೆಯುವವರು, ವೀಸಾ ಮಾಡಿಸಿಕೊಟ್ಟರು. ಹಾಗಾಗಿ ನಾನು ಈ ಊರಿನಲ್ಲಿ ಉಳಿದಿರುವುದು ಅವರ ಒಂದು ಸಹಿಯ ಮೇಲೆ. ಆ ಸಹಿ ಹೋದರೆ ನಾನೂ ಹೋದಂತೆ.

ಅಲ್ ಸದ್ದ್ ಬಿಟ್ಟು ನಜ್ಮಾದಲ್ಲಿ ಒಂದು ಕೋಣೆ ಹಿಡಿದೆ. ಕೆಳಗೆ ಟೈಲರ್ ಅಂಗಡಿ, ಪಕ್ಕದಲ್ಲಿ ಮಲಯಾಳಿಗಳ ಕೆಫೆಟೇರಿಯಾ. ಬೆಳಿಗ್ಗೆ ಏಳಕ್ಕೆ ವ್ಯಾನು ಬಂದು ಊರಾಚೆಯ ವಿಲ್ಲಾಕ್ಕೆ ಕರೆದೊಯ್ಯುತ್ತದೆ, ಮೂರಕ್ಕೆ ತಂದು ಬಿಡುತ್ತದೆ. ವಿಲ್ಲಾದ ಹಿಂದೆ ಪುಸ್ತಕಗಳ ಕೋಣೆ. ಕಿಟಕಿ ಇಲ್ಲ, ವರ್ಷವಿಡೀ ಒಂದೇ ತಂಪು. ಅಲ್ಲಿ ನಾನೊಬ್ಬಳೇ. ಇಡೀ ದಿನ ಒಂದು ಮಾತೂ ಆಡದೆ ಮನೆಗೆ ಬಂದು, ಕೆಫೆಟೇರಿಯಾದಲ್ಲಿ "ಒಂದು ಚಹಾ" ಎನ್ನಲು ಹೋದರೆ ಗಂಟಲು ಕಟ್ಟಿಕೊಂಡಿರುತ್ತಿತ್ತು.

ಆ ಕೋಣೆಯಲ್ಲಿ ಹೆಚ್ಚಿನವು ಅರಬ್ಬಿ ಹಸ್ತಪ್ರತಿಗಳು. ಒಮ್ಮೆ ಯುರೋಪಿನ ಒಂದು ಹರಾಜಿನಲ್ಲಿ ಸರ್ ಅರಬ್ಬಿ ಪುಸ್ತಕ ಕೊಂಡಾಗ ಅವುಗಳ ಬೆನ್ನಿಗೇ ಎರಡು ಪೆಟ್ಟಿಗೆ ಹೀಬ್ರೂ ಪುಸ್ತಕಗಳೂ ಬಂದವು. ಬಗ್ದಾದಿನಲ್ಲಿದ್ದ ರಬ್ಬಿಗಳ, ಎಂದರೆ ಯಹೂದಿ ಧರ್ಮಗುರುಗಳ, ಮನೆಗಳಿಂದ ಹೊರಬಿದ್ದವು. ಪ್ರಾರ್ಥನೆಯವು, ಧರ್ಮಶಾಸ್ತ್ರದವು, ಹಬ್ಬಗಳವು. ಅವರ ಸಮುದಾಯ ಆ ಊರು ಬಿಟ್ಟು ಎಪ್ಪತ್ತು ವರ್ಷವಾಯಿತು; ಪುಸ್ತಕಗಳು ಕೈಯಿಂದ ಕೈಗೆ ಅಲೆದವು. ನಮ್ಮ ಸರ್ ಅವುಗಳ ಮೇಲೆ ಕೈಯಾಡಿಸಿ, ತಮ್ಮ ಅರೆಬರೆ ಉರ್ದುವಿನಲ್ಲಿ, "ಸಿಸ್ಟರ್, ಇವರೂ ನಮ್ಮ ಪಕ್ಕದ ಮನೆಯವರೇ. ಇವನ್ನೂ ಸರಿ ಮಾಡು, ಯಲ್ಲಾ, ಶುರು ಮಾಡು" ಎಂದರು.

ಹೀಬ್ರೂ ಬಲ್ಲ ಒಬ್ಬ ಪ್ರೊಫೆಸರು ಎರಡು ವಾರ ಬಂದು ಪಟ್ಟಿ ಮಾಡಿದರು. ಮೊದಲ ಹಾಳೆಯ ಮೇಲೆ ರಬ್ಬಿಗಳು ಬರೆದುಕೊಂಡದ್ದನ್ನು ಓದಿ ಹೇಳುತ್ತಿದ್ದರು. ಅವರು ಯಾರೂ 'ಇದು ನನ್ನ ಪುಸ್ತಕ' ಎಂದು ನೇರವಾಗಿ ಬರೆಯುವುದಿಲ್ಲವಂತೆ. ಲೋಕದಲ್ಲಿರುವುದೆಲ್ಲ ದೇವರದ್ದು ಎಂದು ಮೊದಲು ಒಪ್ಪಿಕೊಂಡು, ಅದರ ಕೆಳಗೆ ಸಣ್ಣದಾಗಿ ತಮ್ಮ ಹೆಸರು. ಒಂದೊಂದರಲ್ಲಿ ಅಪ್ಪ, ಮಗ, ಮೊಮ್ಮಗ ಎಂದು ಮೂರು ತಲೆಮಾರಿನ ಹೆಸರು ಇರುತ್ತಿತ್ತು. ಪ್ರೊಫೆಸರು ಹೋದ ಮೇಲೆ ನನಗೆ ಒಂದಕ್ಷರ ಓದಲು ಬಾರದ ಆ ಪುಸ್ತಕಗಳೂ ನಾನೂ ಉಳಿದೆವು.

ಓದಲು ಬಾರದಿದ್ದರೇನು, ಪುಸ್ತಕದ ಯಜಮಾನ ಎಂಥವನೆಂದು ಬೈಂಡರಿಗೆ ತಿಳಿಯುತ್ತದೆ. ಒಬ್ಬರ ಪುಸ್ತಕದಲ್ಲಿ ಹಾಳೆ ಕೂಡುವ ಸಂದಿಯಲ್ಲೆಲ್ಲ ಕಂದು ಪುಡಿ. ಮೂಸಿ ನೋಡಿದೆ, ನಶ್ಯ! ಅಪ್ಪನಲ್ಲಿಗೆ ಬರುತ್ತಿದ್ದ ಶಾಲೆಯ ಹಾಜರಿ ಪುಸ್ತಕಗಳಲ್ಲೂ ಇದೇ ಇರುತ್ತಿತ್ತು. ಅವರಿಗೆ ನಶ್ಯದಜ್ಜ ಎಂದು ಹೆಸರಿಟ್ಟೆ. ಇನ್ನೊಬ್ಬರು ಅಂಚಿನ ತುಂಬ ಇರುವೆಯಂಥ ಅಕ್ಷರದಲ್ಲಿ ಬರೆದು, ಅಚ್ಚಾದ ಸಾಲುಗಳ ಮೇಲೆ ಕಾಗದ ಹರಿಯುವಷ್ಟು ಒತ್ತಿ ಗೆರೆ ಎಳೆದಿದ್ದರು. ಅಚ್ಚಿನಲ್ಲಿದ್ದ ಒಂದು ಮಾತೂ ಅವರಿಗೆ ಒಪ್ಪಿಗೆಯಿಲ್ಲ. ಅವರು ಸಿಡುಕಜ್ಜ. ನನಗೆ ಅವರನ್ನು ಕಂಡರೆ ಪ್ರೀತಿ. ಮತ್ತೊಬ್ಬರು ಹರಿದ ಹಾಳೆಗಳನ್ನು ಬಿಳಿ ನೂಲಿನಿಂದ ಎಷ್ಟು ನಾಜೂಕಾಗಿ ಹೊಲಿದಿದ್ದರೆಂದರೆ ಆ ಹೊಲಿಗೆ ಬಿಚ್ಚುವಾಗ ನಾನು ಕ್ಷಮೆ ಕೇಳಿದೆ. ಬಹುಶಃ ಹೊಲಿದದ್ದು ಅವರಲ್ಲ, ಅವರ ಹೆಂಡತಿ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ, "ಇವತ್ತು ಬಂಗುಡೆ ಸಾರು, ನಿಮಗೆ ಆಗ್ತದಾ?" ಎಂದು ಅವರನ್ನೆಲ್ಲ ಕೇಳುತ್ತಿದ್ದೆ. ನಗಬೇಡಿ. ಮಾತಾಡಲು ಬೇರೆ ಯಾರಿದ್ದರು?

ಅವರೆಲ್ಲರ ನಶ್ಯ, ಗಡ್ಡದ ಕೂದಲು, ಬೆರಳಿನ ಎಣ್ಣೆ ಎಲ್ಲವನ್ನೂ ಬ್ರಷ್ಷಿನಿಂದ ಗುಡಿಸಿ ಕಸದ ಬುಟ್ಟಿಗೆ ಹಾಕಿದೆ. ಪ್ರೀತಿ ಬೇರೆ, ಕೆಲಸ ಬೇರೆ ಎಂದುಕೊಂಡಿದ್ದೆ.

ಎರಡನೆಯ ಪೆಟ್ಟಿಗೆಯ ತಳದಲ್ಲಿ ಒಂದು ತೆಳು ಪುಸ್ತಕ ಸಿಕ್ಕಿತು. ಯೆರೂಸಲೇಮಿನ ದೇವಾಲಯ ಬಿದ್ದದ್ದಕ್ಕೆ ವರ್ಷಕ್ಕೊಂದು ದಿನ ಉಪವಾಸವಿದ್ದು ಅಳುವ ಪದ್ಧತಿ ಯಹೂದಿಗಳಲ್ಲಿದೆ. ಆ ದಿನ ಓದುವ ಶೋಕಗೀತೆಗಳು ಅದರಲ್ಲಿದ್ದವು. ಮೊದಲ ಕೆಲವು ಹಾಳೆ ಹರಿದುಹೋಗಿದ್ದರಿಂದ ಯಾವ ರಬ್ಬಿಯದೆಂದು ಗೊತ್ತಿರಲಿಲ್ಲ. ಅಚ್ಚಾದದ್ದು ಮುಂಬಯಿಯಲ್ಲಿ ಎಂದು ಪ್ರೊಫೆಸರು ಚೀಟಿಯಲ್ಲಿ ಬರೆದಿದ್ದರು. ಪುಸ್ತಕದ ಬೆನ್ನು ಬಿಚ್ಚಿದಾಗ ನನಗೆ ಕಣ್ಣಲ್ಲಿ ನೀರು ಬಂತು. ಹೊಲಿಗೆ ನಮ್ಮ ಕಡೆಯದೇ, ಅಪ್ಪ ಗಂಟು ಹಾಕುತ್ತಿದ್ದ ರೀತಿಯದೇ. ಮುಂಬಯಿಯ ಯಾವನೋ ಬೈಂಡರು ಹೊಲಿದು ಹಡಗು ಹತ್ತಿಸಿದ ಪುಸ್ತಕ ಬಗ್ದಾದಿಗೆ ಹೋಗಿ, ಎಲ್ಲೆಲ್ಲೋ ಸುತ್ತಿ, ಮಂಗಳೂರಿನವಳ ಮೇಜಿಗೆ ಬಂದಿತ್ತು. ಇದನ್ನು ಬೇರೆಲ್ಲಕ್ಕಿಂತ ಚೆನ್ನಾಗಿ ಮಾಡಬೇಕು ಎಂದು ಹಟ ಹುಟ್ಟಿತು.

ಅದರ ಒಂದು ಪುಟದ ಮೇಲೆ ಮೇಣದ ಹನಿಗಳಿದ್ದವು. ಆರು. ಮೇಲೆ ಮೂರು, ನಡುವೆ ಎರಡು, ಅಂಚಿನ ಹತ್ತಿರ ಒಂದು. ಅಂಚಿನ ಹನಿ ದೊಡ್ಡದು. ಅದು ಗಟ್ಟಿಯಾಗುವ ಮುನ್ನ ಯಾರೋ ಬೆರಳು ಒತ್ತಿದ್ದರು. ಬೆರಳಿನ ಗೆರೆಗಳು ಸಣ್ಣಗೆ ಮೂಡಿದ್ದವು, ಬೆರಳು ಕಡಲೆಕಾಳಿನಷ್ಟು. 'ಯಾವ ಮನೆಯ ಪೋರರೋ, ತಾಯಿಗೆ ಗಮನ ಬೇಡವೇ' ಎಂದು ಗೊಣಗಿದೆ. ತೆಳು ಚಾಕುವಿನಿಂದ ಹನಿಗಳನ್ನು ಎಬ್ಬಿಸಿದೆ. ಉಳಿದ ಜಿಡ್ಡಿಗೆ ಮೇಲೊಂದು ಕೆಳಗೊಂದು ಬ್ಲಾಟಿಂಗ್ ಪೇಪರ್ ಇಟ್ಟು ಪುಟ್ಟ ಇಸ್ತ್ರಿಪೆಟ್ಟಿಗೆಯನ್ನು ಹದವಾಗಿ ಆಡಿಸಿದೆ. ಹತ್ತು ನಿಮಿಷದ ಕೆಲಸ. ಕೆಲಸಕ್ಕೆ ಮುಂಚೆ ಹರಿದ ಪುಟಗಳ ಫೋಟೋ ತೆಗೆದಿಡುತ್ತಿದ್ದೆ. ಇದು ಹರಿದದ್ದಲ್ಲವಲ್ಲ, ಬರೀ ಕೊಳೆ, ತೆಗೆಯಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಾಗ ಒಂದು ಚುಕ್ಕೆಯೂ ಇಲ್ಲ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಎಂದು ಹಿಗ್ಗಿದೆ.

ಅದಾಗಿ ಒಂದು ವರ್ಷದ ಮೇಲೆ ಸರ್ ಆ ಪುಸ್ತಕಗಳ ಚಿತ್ರಗಳನ್ನು ಇಂಟರ್‌ನೆಟ್ಟಿಗೆ ಹಾಕಿಸಿದರು. ಲಂಡನ್ನಿನಿಂದ ಒಬ್ಬ ವೃದ್ಧೆ ಪತ್ರ ಬರೆದರು. ತಾವು ಬಗ್ದಾದಿನ ಒಬ್ಬ ರಬ್ಬಿಯ ಮೊಮ್ಮಗಳು. ಶೋಕಗೀತೆಯ ಪುಸ್ತಕ ತಮ್ಮ ಅಜ್ಜನದ್ದಿರಬಹುದು. ಒಮ್ಮೆ ಕಣ್ಣಾರೆ ನೋಡಬಹುದೇ? ಸರ್‌ಗೆ ಅತಿಥಿಗಳೆಂದರೆ ಹಬ್ಬ. ಚಳಿಗಾಲದಲ್ಲಿ ಬನ್ನಿ ಎಂದರು.

ಅವರು ಬಂದರು. ಎಂಬತ್ತರ ಆಸುಪಾಸು, ಕೈಯಲ್ಲಿ ಕೋಲು, ಜೊತೆಗೆ ಯಾರೂ ಇಲ್ಲ. ಸರ್ ಖರ್ಜೂರ, ಗಹ್ವಾ ಎಂಬ ಅರಬ್ಬಿ ಕಾಫಿ ಕೊಟ್ಟು, ಅವರ ಬಗ್ದಾದಿ ಅರಬ್ಬಿ ಕೇಳಿ ಖುಷಿಯಾಗಿ ಮಾತಾಡಿಸಿದರು. ಆಮೇಲೆ ನನ್ನ ಕೋಣೆಗೆ ಕರೆತಂದು ಬಿಟ್ಟು, ಬಂದ ಫೋನು ಎತ್ತಿಕೊಂಡು ಬಾಗಿಲಾಚೆ ಹೋದರು. ಮ್ಯಾಡಂ ನನ್ನೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿದರು, ಆದರೆ ನನ್ನನ್ನು ಕರೆದದ್ದು 'ಬಿಂತಿ' ಎಂದು. ಮಗಳೇ ಎಂದರ್ಥ. ಆ ಮಾತನ್ನು ನನಗೆ ಯಾರೂ ಹೇಳದೆ ಎಷ್ಟೋ ವರ್ಷವಾಗಿತ್ತು.

ಪುಸ್ತಕವನ್ನು ಮುಂದಿಟ್ಟೆ. ಅವರು ಅದಕ್ಕೆ ಮುತ್ತಿಟ್ಟು ಕಣ್ಣಿಗೊತ್ತಿಕೊಂಡರು. ಹೀಬ್ರೂ ಓದುವವರ ಹಾಗೆ ಹಾಳೆಗಳನ್ನು ಬಲಗಡೆಯಿಂದ ತಿರುವುತ್ತ ಹೇಳಿದರು:

"ಆ ದಿನ ನಾವೆಲ್ಲ ನೆಲದ ಮೇಲೆ ಕೂರುತ್ತಿದ್ದೆವು. ದೀಪ ಆರಿಸಿ, ಮೇಣದಬತ್ತಿಯ ಬೆಳಕಲ್ಲಿ ಓದುವುದು. ನಾನು ಅಜ್ಜನ ತೊಡೆಯ ಮೇಲಿದ್ದೆ. ನಾಲ್ಕು ವರ್ಷ. ಬತ್ತಿ ನಾನೇ ಹಿಡಿಯುತ್ತೇನೆ ಎಂದು ಹಟ ಮಾಡಿದೆನಂತೆ. ಬತ್ತಿ ವಾಲಿತು, ಪುಟದ ಮೇಲೆಲ್ಲ ಮೇಣ. ಅಮ್ಮ ಆಗಲೇ ಚಾಕು ತಂದಳಂತೆ ಕೆರೆಯಲು. ಅಜ್ಜ ಬಿಡಲಿಲ್ಲ. 'ಇರಲಿ, ಇವಳೂ ಓದಿದಳು ಅನ್ನುವುದಕ್ಕೆ ಗುರುತು' ಎಂದರಂತೆ. ಇದೆಲ್ಲ ಅಮ್ಮ ಹೇಳಿದ್ದು. ನನಗೇ ನೆನಪಿದೆಯೋ ಇಲ್ಲವೋ ಗೊತ್ತಿಲ್ಲ."

ನನ್ನ ಕಣ್ಣು ಮೇಜಿನ ಕೆಳಗಿನ ಕಸದ ಬುಟ್ಟಿಯತ್ತ ಹೋಯಿತು.

ಊರು ಬಿಡುವಾಗ ಅವರ ಮನೆಯವರಿಗೆ ಪುಸ್ತಕ ಒಯ್ಯಲು ಆಗಲಿಲ್ಲ. ಅಜ್ಜ ಹೊಸ ದೇಶದಲ್ಲಿ ನಿರಾಶ್ರಿತರ ಡೇರೆಯಲ್ಲಿ ಒಂದು ವರ್ಷ ಬದುಕಿ ತೀರಿಕೊಂಡರು. ಒಂದು ಫೋಟೋ ಕೂಡ ಉಳಿದಿಲ್ಲ. ಇದೇ ಮುಂಬಯಿ ಅಚ್ಚಿನ ಪುಸ್ತಕ ಎಲ್ಲಿದೆ ಎಂದು ತಿಳಿದರೂ ಮ್ಯಾಡಂ ಹೋಗಿ ನೋಡಿದ್ದಾರೆ, ಆರೇಳು ಊರುಗಳಲ್ಲಿ. ಎಲ್ಲೂ ಆ ಪುಟದಲ್ಲಿ ಮೇಣವಿಲ್ಲ. "ಇದು ಕೊನೆಯದು. ಇನ್ನು ಈ ಕಾಲು ಎಲ್ಲಿಗೂ ಬರುವುದಿಲ್ಲ" ಎಂದರು.

ಯಾವ ಗೀತೆಯ ಪುಟವೆಂದು ಅವರಿಗೆ ಗೊತ್ತಿತ್ತು. ಸಿಕ್ಕಿತು. ಹೆಬ್ಬೆರಳಿನಿಂದ ಪುಟವನ್ನು ಮೇಲಿನಿಂದ ಕೆಳಗೆ ಸವರಿದರು. ಮತ್ತೊಮ್ಮೆ ಸವರಿದರು. ದೀಪ ಹತ್ತಿರ ತರಲು ಹೇಳಿದರು, ತಂದಿಟ್ಟೆ. ಕಣ್ಣು ಕಾಗದಕ್ಕೆ ತಾಗುವಷ್ಟು ಬಗ್ಗಿ ನೋಡಿದರು.

"ಇದಲ್ಲ" ಎಂದರು.

ನಾನು ಸುಮ್ಮನಿದ್ದೆ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಹೇಳಿದರೆ ಸರ್ ಏನು ಮಾಡುತ್ತಾರೆ, ವೀಸಾ ಏನಾಗುತ್ತದೆ, ಅಣ್ಣನ ಮನೆಯ ಮೂಲೆ, ಇದೆಲ್ಲ ಒಂದೇ ಉಸಿರಿನಲ್ಲಿ ತಲೆಗೆ ಬಂತು. ಹನಿಗಳಿದ್ದದ್ದು ಲೋಕದಲ್ಲಿ ನನಗೊಬ್ಬಳಿಗೆ ಗೊತ್ತು. ಬಾಯಿ ಮುಚ್ಚಿಕೊಂಡರೆ ಯಾರಿಗೂ ಏನೂ ಆಗುವುದಿಲ್ಲ. ಮ್ಯಾಡಂ ಆ ಆರೇಳು ಊರುಗಳ ಲೆಕ್ಕಕ್ಕೆ ದೋಹಾವನ್ನೂ ಸೇರಿಸಿಕೊಂಡು ಹೋಗುತ್ತಾರೆ. ಹೀಗೆಲ್ಲ ಯೋಚಿಸಿದೆ.

ಅವರು ಪುಸ್ತಕ ಮುಚ್ಚಿದರು. ತಲೆಯ ಸ್ಕಾರ್ಫ್ ಬಿಗಿಮಾಡಿಕೊಂಡರು. ಏಳಲು ಮೇಜಿನ ಮೇಲೆ ಅಂಗೈ ಊರಿದರು. ನನ್ನ ಮೇಜು ಗಾಜಿನದು, ದಿನಕ್ಕೆ ಮೂರು ಸಲ ಒರೆಸುತ್ತೇನೆ. ಅವರ ಅಂಗೈಯ ಬೆವರು ಅದರ ಮೇಲೆ ಮಂಜಿನ ಹಾಗೆ ಕೂತಿತು. ಅದನ್ನು ನೋಡಿ ಅವರು, "ಅಯ್ಯೋ, ಎಷ್ಟು ಶುಚಿಯಾಗಿಟ್ಟಿದ್ದೀ, ನಾನು ಕೊಳೆ ಮಾಡಿದೆ" ಎಂದು ಕರವಸ್ತ್ರ ತೆಗೆದು ತಮ್ಮ ಕೈಗುರುತನ್ನು ತಾವೇ ಒರೆಸತೊಡಗಿದರು.

ಅವರ ಕೈ ಹಿಡಿದುಕೊಂಡೆ. "ಆರು" ಎಂದೆ.

ಅವರಿಗೆ ಅರ್ಥವಾಗಲಿಲ್ಲ.

"ಆರು ಹನಿ ಇದ್ದವು ಮ್ಯಾಡಂ. ಮೇಲೆ ಮೂರು, ನಡುವೆ ಎರಡು, ಅಂಚಿನಲ್ಲಿ ಒಂದು. ನಾನು ತೆಗೆದೆ. ಕೊಳೆ ಅಂದುಕೊಂಡೆ."

ಅವರು ಮತ್ತೆ ಕುಳಿತುಕೊಂಡರು. ಮುಖ ಗಟ್ಟಿಯಾಯಿತು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. "ಎಲ್ಲಿಟ್ಟೆ?" ಎಂದು ಕೇಳಿದರು. ಎಸೆದೆ ಎಂದೆ. "ಎಲ್ಲವನ್ನೂ?" ಎಲ್ಲವನ್ನೂ. ಬ್ಲಾಟಿಂಗ್ ಪೇಪರನ್ನೂ. ಅವರು ಪುಸ್ತಕವನ್ನು ಮತ್ತೆ ಆ ಪುಟಕ್ಕೆ ತೆರೆದಿಟ್ಟರು. ಆಮೇಲೆ ನಿಧಾನವಾಗಿ, "ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದೀಯಾ? ಮುದುಕಿ ಅಷ್ಟು ದೂರದಿಂದ ಬಂದಿದ್ದಾಳೆ ಎಂದು?" ಎಂದರು.

ಆಗ ನನಗೆ ಕೊನೆಯ ಹನಿ ನೆನಪಾಯಿತು. "ಅಂಚಿನ ಹನಿಯ ಮೇಲೆ ಬೆರಳಿನ ಗುರುತು ಇತ್ತು. ಮಗುವಿನದ್ದು. ಮೇಣ ಬಿಸಿ ಇರುವಾಗಲೇ ಒತ್ತಿದ್ದು" ಎಂದೆ.

ಮ್ಯಾಡಂ ತಮ್ಮ ಬಲಗೈಯನ್ನು ಎತ್ತಿ ನೋಡಿಕೊಂಡರು. ತೋರುಬೆರಳನ್ನು ಹೆಬ್ಬೆರಳಿನಿಂದ ಉಜ್ಜಿದರು, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. "ಸುಟ್ಟಿತು" ಎಂದರು. "ಬೆರಳು ಸುಟ್ಟಿತು. ಅಜ್ಜ ಅದನ್ನು ಬಾಯಲ್ಲಿಟ್ಟುಕೊಂಡರು. ಗಡ್ಡ ಒದ್ದೆಯಾಗಿತ್ತು, ಅಳುತ್ತಿದ್ದರಲ್ಲ. ಗಡ್ಡದಲ್ಲಿ ಏಲಕ್ಕಿ ವಾಸನೆ ಇತ್ತು." ಅವರು ನನ್ನತ್ತ ತಿರುಗಿದರು. "ಇದನ್ನು ಅಮ್ಮ ಹೇಳಿಲ್ಲ. ಅಮ್ಮನಿಗೆ ಗೊತ್ತೇ ಇರಲಿಲ್ಲ. ಕನಸಿರಬೇಕು ಎಂದು ಇಷ್ಟು ವರ್ಷ ಯಾರಿಗೂ ಹೇಳಿಲ್ಲ ನಾನು."

ಅವರು ಅತ್ತರು. ನಾನೂ ಅತ್ತೆ. ನನ್ನ ಕೈಯನ್ನು ಎಳೆದು ಆ ಪುಟದ ಮೇಲಿಟ್ಟು, "ತೋರಿಸು" ಎಂದರು. ಹನಿ ಇದ್ದ ಒಂದೊಂದು ಜಾಗದಲ್ಲೂ ಬೆರಳಿಟ್ಟೆ. ನನ್ನ ಬೆರಳು ತೆಗೆದಲ್ಲಿ ಅವರು ತಮ್ಮ ಬೆರಳು ಇಟ್ಟರು.

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಾನು ತಯಾರಿರಲಿಲ್ಲ. "ಬೇರೆ ಏನನ್ನೆಲ್ಲ ಒರೆಸಿದ್ದೀ ನೀನು, ಬಿಂತಿ?"

ನಶ್ಯದಜ್ಜನ ವಿಷಯ ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ. ಗಂಡ ತಲೆಗೆ ತೆಂಗಿನೆಣ್ಣೆ ಹಚ್ಚುತ್ತಿದ್ದರು, ಧಾರಾಳವಾಗಿ. ಅಲ್ ಸದ್ದಿನ ಮನೆಯಲ್ಲಿ ಮಂಚಕ್ಕೆ ತಲೆಹಲಗೆ ಇರಲಿಲ್ಲ. ಗೋಡೆಗೆ ತಲೆಯೊರಗಿಸಿ ಪೇಪರ್ ಓದುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಗೋಡೆಯ ಮೇಲೆ ಅಂಗೈಯಗಲದ ಎಣ್ಣೆ ಕಲೆ. ಅದಕ್ಕಾಗಿ ಎಷ್ಟು ಜಗಳ ಮಾಡಿದ್ದೆ! ಅವರು ಹೋಗಿ ತಿಂಗಳಾದ ಮೇಲೆ ಮನೆ ಖಾಲಿ ಮಾಡಬೇಕಾಯಿತು. ಮಾಲೀಕರು ಮರುದಿನವೇ ಪೇಂಟಿಂಗಿನವರನ್ನು ಕಳಿಸುವವರಿದ್ದರು. ಆ ಕಲೆಯನ್ನು ಯಾರೂ ನೋಡುತ್ತಿರಲಿಲ್ಲ. ಆದರೂ ನಾನು ಸೋಪು ನೀರು ಹಾಕಿ, ಸ್ಟೂಲಿನ ಮೇಲೆ ಕುಳಿತು, ಒಂದು ಗಂಟೆ ಉಜ್ಜಿ ತೆಗೆದೆ. ಪೇಂಟರುಗಳು ಏನೆಂದುಕೊಂಡಾರು ಎಂದು. ಗೋಡೆ ಬೆಳ್ಳಗಾದ ಮೇಲೆ ಚಿಂದಿಯನ್ನು ಹಿಂಡಿ, ಬಾಲ್ಕನಿಯಲ್ಲಿ ಒಣಗಲು ಹಾಕಿ, ಆಮೇಲೆ ಅವರ ಗುರುತನ್ನೇ ಉಜ್ಜಿ ತೆಗೆದೆನೆಂದು ಹೊಳೆದು ಅಲ್ಲೇ ಕೂತುಬಿಟ್ಟೆ.

ಇದನ್ನು ನಾನು ಪಾದ್ರಿಗೂ ಹೇಳಿರಲಿಲ್ಲ. ಮ್ಯಾಡಂ, "ಹೇಗಿತ್ತು ಅದು? ಸರಿಯಾಗಿ ಹೇಳು" ಎಂದರು. ಅಂಗೈಯಗಲ, ಬಲಕ್ಕೆ ಸ್ವಲ್ಪ ವಾಲಿತ್ತು ಎಂದೆ. ಯಾಕೆ ವಾಲಿತ್ತು? ನಾನು ಮಲಗುತ್ತಿದ್ದದ್ದು ಬಲಗಡೆ. ನನಗೆ ಸುದ್ದಿ ಓದಿ ಹೇಳಲು ತಲೆ ಇತ್ತ ಹೊರಳಿಸುತ್ತಿದ್ದರು. ಹಾಗೆ ವಾಲಿದ್ದೇಕೆಂದು ಅಂದಿನವರೆಗೆ ನಾನು ಯೋಚಿಸಿಯೇ ಇರಲಿಲ್ಲ.

ಬಾಗಿಲಲ್ಲಿ ಸರ್ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಅತಿಥಿಯ ಮುಂದೆ ಏನೂ ಹೇಳಲಿಲ್ಲ. ಮರುದಿನ ಕರೆಸಿ, "ನನ್ನ ಮನೆಗೆ ಬಂದವರ ಮುಂದೆ ನನ್ನ ತಲೆ ತಗ್ಗಿತು" ಎಂದರು. ಎರಡು ತಿಂಗಳು ನನ್ನ ಕೈಗೆ ಒಂದು ಪುಸ್ತಕವನ್ನೂ ಕೊಡಲಿಲ್ಲ. ಬರೀ ರಟ್ಟಿನ ಪೆಟ್ಟಿಗೆ ಮಾಡಿಸಿದರು. ಆಮೇಲೆ ಹೊಸ ಕಟ್ಟಳೆ: ಪ್ರತಿ ಪುಟದ ಫೋಟೋ ಮೊದಲು, ತೆಗೆದದ್ದೆಲ್ಲ ಲಕೋಟೆಯಲ್ಲಿ, ಧೂಳು ಕೂಡ. "ಖಲಾಸ್, ಹೋಗಿ ಕೆಲಸ ನೋಡು" ಎಂದರು. ವೀಸಾ ಉಳಿಯಿತು. ಆದರೆ ಅವರ ಮೇಲೆ ನನಗೆ ಈಗಲೂ ಒಂದು ಸಿಟ್ಟಿದೆ. ಆ ಪುಸ್ತಕವನ್ನು ಮ್ಯಾಡಂಗೆ ಕೊಟ್ಟುಬಿಡಬಹುದಿತ್ತು. ಅವರು ಕೇಳಲಿಲ್ಲ, ಇವರು ಕೊಡಲಿಲ್ಲ. ಗಹ್ವಾವನ್ನು ಮಾತ್ರ ಮತ್ತೊಮ್ಮೆ ಕೊಟ್ಟರು.

ಅಂದು ಕಾರು ಹತ್ತುವ ಮುಂಚೆ ಮ್ಯಾಡಂ ನನ್ನ ನಂಬರು ಬರೆದುಕೊಂಡರು. "ಆ ಉಪವಾಸದ ದಿನ ಫೋನು ಮಾಡುತ್ತೇನೆ. ಅವತ್ತು ನಮ್ಮಲ್ಲಿ ಯಾರೂ ಯಾರಿಗೂ ಸಲಾಂ ಹೇಳುವುದಿಲ್ಲ, ಶೋಕದ ದಿನ. ನಾನು ಹಲೋ ಅನ್ನುವುದಿಲ್ಲ, ನೀನೂ ಅನ್ನಬೇಡ" ಎಂದರು. ಶರತ್ಕಾಲದಲ್ಲಿ ಅವರ ಹೊಸ ವರ್ಷಕ್ಕೆ ಒಂದು ಪುಟ್ಟ ಕ್ಯಾಲೆಂಡರು ಅಂಚೆಯಲ್ಲಿ ಬಂತು. ಬೇಸಿಗೆಯ ಒಂದು ದಿನಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿದ್ದರು. ಅದನ್ನು ನಜ್ಮಾದ ಕೋಣೆಯಲ್ಲಿ ಚರ್ಚಿನ ಕ್ಯಾಲೆಂಡರಿನ ಪಕ್ಕ ತೂಗುಹಾಕಿದೆ. ಆಮೇಲೆ ಪ್ರತಿ ವರ್ಷವೂ ಬಂತು.

ಆ ದಿನ ಮಧ್ಯಾಹ್ನ ಫೋನು ಬರುತ್ತಿತ್ತು. ಎತ್ತಿದರೆ ಸೀದಾ, "ಎಷ್ಟು?"

"ಆರು. ಮೇಲೆ ಮೂರು, ನಡುವೆ ಎರಡು, ಅಂಚಿನಲ್ಲಿ ಒಂದು."

"ಅಂಚಿನದರ ಮೇಲೆ?"

"ಬೆರಳಿನ ಗುರುತು."

ಆಮೇಲೆ, "ಗೋಡೆಯ ಮೇಲೆ?" ಎಂದು ಕೇಳುತ್ತಿದ್ದರು.

"ಅಂಗೈಯಗಲ. ಬಲಕ್ಕೆ ವಾಲಿತ್ತು."

ಅಷ್ಟೆ. ಫೋನು ಇಡುತ್ತಿದ್ದರು. ಮೂರು ವರ್ಷ ಹೀಗೆ ನಡೆಯಿತು. ವರ್ಷವಿಡೀ ನನ್ನೊಡನೆ ಬೇಕಾದಷ್ಟು ಜನ ಹಲೋ, ಹೌ ಆರ್ ಯೂ, ಕೈಸೇ ಹೋ ಎನ್ನುತ್ತಾರೆ. ನಾನು ಕಾಯುತ್ತಿದ್ದದ್ದು ಹಲೋ ಇಲ್ಲದ ಆ ಒಂದು ಫೋನಿಗೆ.

ಈ ವರ್ಷ ಬರಲಿಲ್ಲ. ಸುತ್ತು ಹಾಕಿದ ದಿನ ರಜೆ ಹಾಕಿ ಕೋಣೆಯಲ್ಲೇ ಕುಳಿತಿದ್ದೆ. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗುವಂಥ ಸೆಕೆ. ಹನ್ನೆರಡಾಯಿತು, ಎರಡಾಯಿತು. ಮೂರು ಗಂಟೆಗೆ ನಾನೇ ಮಾಡಿದೆ. ಬಹಳ ಹೊತ್ತು ರಿಂಗ್ ಆಗಿ, ಯಾರೋ ಎತ್ತಿದರು.

"ಹಲೋ?" ಎಂದಳು ಒಬ್ಬ ಹೆಂಗಸು, ಲವಲವಿಕೆಯ ದನಿಯಲ್ಲಿ.

ಅಷ್ಟಕ್ಕೇ ನನಗೆ ತಿಳಿದುಹೋಯಿತು. ಮ್ಯಾಡಂ ಇದ್ದಿದ್ದರೆ ಆ ಮನೆಯಲ್ಲಿ ಆ ದಿನ ಯಾರೂ ಹಲೋ ಎನ್ನುತ್ತಿರಲಿಲ್ಲ.

ಮ್ಯಾಡಂ ಚಳಿಗಾಲದಲ್ಲೇ ತೀರಿಕೊಂಡಿದ್ದರು. ಮನೆ ಮಾರಿದ್ದಾರಂತೆ, ಫೋನಿನ ತಂತಿ ನಾಳೆ ಕೀಳುತ್ತಾರಂತೆ, ತಾನು ಮನೆ ಶುಚಿ ಮಾಡಲು ಬಂದವಳು ಎಂದಳು. "ನೀವು ಅವರಿಗೆ ಏನಾಗಬೇಕು?" ಎಂದು ಕೇಳಿದಳು. ಏನೆಂದು ಹೇಳಲಿ? ಪುಸ್ತಕ ಕಟ್ಟುವವಳು ಎಂದೆ. ಅವಳಿಗೆ ಕೆಲಸದ ಅವಸರ. ಇಡುವವಳಿದ್ದಳು. "ಸ್ವಲ್ಪ ನಿಲ್ಲು, ಒರೆಸುವ ಮೊದಲು ಗೋಡೆಗಳನ್ನು ಒಮ್ಮೆ ನೋಡಮ್ಮ" ಎಂದೆ. ಹಾಗೆ ಯಾಕೆ ಹೇಳಿದೆನೋ ನನಗೇ ಗೊತ್ತಿಲ್ಲ.

ಅವಳು ನಕ್ಕಳು. ಆಮೇಲೆ, "ಅಲ್ಲ, ಇಲ್ಲಿ ಫೋನಿನ ಪಕ್ಕ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಏನೋ ಗೀಚಿದ್ದಾರೆ. ಆರು ಚುಕ್ಕೆ. ಅದರ ಕೆಳಗೆ ದೊಡ್ಡದೊಂದು ಸುತ್ತು, ಅಂಗೈಯಷ್ಟು. ಸ್ವಲ್ಪ ಬಲಕ್ಕೆ ವಾಲಿದೆ. ಅಜ್ಜಿಗೆ ಕೈ ನಡುಗುತ್ತಿತ್ತೇನೋ. ಈಗ ಇದನ್ನೇ ಒರೆಸಲು ಹೊರಟಿದ್ದೆ" ಎಂದಳು.

ದೂರದ ಊರಿನಲ್ಲಿ, ನಾನು ಎಂದೂ ಕಾಣದ ಒಂದು ಮನೆಯಲ್ಲಿ, ನನ್ನ ಗಂಡ ಗೋಡೆಗೊರಗಿ ನನ್ನ ಕಡೆ ತಲೆ ಹೊರಳಿಸಿದ್ದರು.

"ಒರೆಸಲಾ ಬೇಡವಾ?" ಎಂದು ಅವಳು ಕೇಳಿದಳು.

"ಇವತ್ತೊಂದು ದಿನ ಬಿಡು" ಎಂದೆ. ಸರಿ ಎಂದಳು. ಬೈ ಹೇಳದೆ ಫೋನು ಇಟ್ಟೆ.